ಹಣ್ಣುನೊಣ ನೋಡಲು ಕೊಂಡ ಸ್ಟೀರಿಯೊ ಸೂಕ್ಷ್ಮದರ್ಶಕ

ಕಾಸರಗೋಡಿನಲ್ಲಿ ಪ್ಲಸ್ ಟು ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುವವರು ಸೂಕ್ಷ್ಮದರ್ಶಕ ಕೊಳ್ಳಲು ಹೋದರೆ ಅಂಗಡಿಯವರು ಸಾವಿರ ಪಟ್ಟು ಹಿಗ್ಗಿಸುವುದನ್ನೇ ಮುಂದಿಡುತ್ತಾರೆ. ನಾನು ಕೊಂಡದ್ದು 20 ಮತ್ತು 40 ಪಟ್ಟು ಮಾತ್ರ ತೋರಿಸುವ, ಎರಡು ಕಣ್ಣುಮಸೂರಗಳ ಸ್ಟೀರಿಯೊ ಸೂಕ್ಷ್ಮದರ್ಶಕವನ್ನು. ಬೆಲೆ ಹತ್ತು ಸಾವಿರ ರೂಪಾಯಿಯ ಒಳಗಿತ್ತು. ಭ್ರೂಣದ ಬೆಳವಣಿಗೆ ಮತ್ತು ಜೀನ್‌ಗಳ ನಿಯಂತ್ರಣವನ್ನು ಕಲಿಸಲು ಇದಕ್ಕಿಂತ ದೊಡ್ಡ ಉಪಕರಣ ಶಾಲೆಗೆ ಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ.

ಹೀಗೆನ್ನಲು ಎಡ್ವರ್ಡ್ ಲೂಯಿಸ್ ಅವರ ಸಂಶೋಧನೆಯೇ ಕಾರಣ. 1918ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಹುಟ್ಟಿದ ಅವರು ಹೈಸ್ಕೂಲಿನಲ್ಲಿದ್ದಾಗಲೇ ಹಣ್ಣುನೊಣಗಳನ್ನು ಸಾಕತೊಡಗಿ, ಮುಂದೆ ಕ್ಯಾಲ್‌ಟೆಕ್ ಸಂಸ್ಥೆಯಲ್ಲಿ ಅದೇ ಜೀವಿಯ ಮೇಲೆ ದಶಕಗಳ ಕಾಲ ಕೆಲಸ ಮಾಡಿದರು. ನಮ್ಮ ಪಠ್ಯದಲ್ಲಿ ಬರುವ ತಳಿವಿಜ್ಞಾನಿ ಮಾರ್ಗನ್ ಅವರ ಪ್ರಯೋಗಾಲಯದಲ್ಲಿ 1915ರಲ್ಲಿ ಕ್ಯಾಲ್ವಿನ್ ಬ್ರಿಡ್ಜಸ್ ಗುರುತಿಸಿದ್ದ ‘ಬೈಥೊರಾಕ್ಸ್’ ಎಂಬ ರೂಪಾಂತರವೇ (ಜೀನ್‌ನಲ್ಲಾಗುವ ಬದಲಾವಣೆ, ಮ್ಯುಟೇಶನ್) ಅವರ ಮುಖ್ಯ ವಸ್ತು. ಸಾಮಾನ್ಯ ನೊಣದ ಎದೆಯ ಎರಡನೆಯ ಖಂಡದಲ್ಲಿ ಒಂದು ಜೊತೆ ರೆಕ್ಕೆ, ಮೂರನೆಯದರಲ್ಲಿ ಹಾರುವಾಗ ಸಮತೋಲ ಕಾಯುವ ಹಾಲ್ಟಿಯರ್ ಎಂಬ ಪುಟ್ಟ ಗುಂಡುಗಳಿರುತ್ತವೆ. ಲೂಯಿಸ್ ಇಂಥ ಹಲವು ರೂಪಾಂತರಗಳನ್ನು ಒಂದೇ ನೊಣದಲ್ಲಿ ಸೇರಿಸಿದಾಗ ಮೂರನೆಯ ಖಂಡವೂ ಎರಡನೆಯದರಂತೆಯೇ ಬೆಳೆದು, ನಾಲ್ಕು ರೆಕ್ಕೆಯ ನೊಣ ಹುಟ್ಟಿತು. ವರ್ಣತಂತುವಿನ ಮೇಲೆ ಈ ರೂಪಾಂತರಗಳು ಉಂಟಾಗುವ ಭಾಗಗಳು ಯಾವ ಕ್ರಮದಲ್ಲಿವೆಯೋ ಅದೇ ಕ್ರಮದಲ್ಲಿ ಅವು ನಿಯಂತ್ರಿಸುವ ಖಂಡಗಳು ತಲೆಯಿಂದ ಬಾಲದವರೆಗೆ ಇರುತ್ತವೆ ಎಂಬುದನ್ನು ಅವರು 1978ರ ಪ್ರಬಂಧದಲ್ಲಿ ವಿವರಿಸಿದರು. ಅವರು ಬೇರೆ ಬೇರೆ ಜೀನ್‌ಗಳೆಂದು ಭಾವಿಸಿದ್ದ ಹಲವು ಭಾಗಗಳು, ಯಾವ ಜೀನ್ ಎಲ್ಲಿ ಕೆಲಸ ಮಾಡಬೇಕೆಂದು ನಿರ್ಧರಿಸುವ ನಿಯಂತ್ರಕ ಡಿಎನ್‌ಎ ತುಣುಕುಗಳೆಂದು ಆಮೇಲೆ ತಿಳಿಯಿತು. ಪ್ರೋಟೀನು ತಯಾರಿಸುವ ಜೀನ್‌ಗಳು ಅಲ್ಲಿರುವುದು ಮೂರೇ. ಇದು ಅವರ ಕೆಲಸದ ಬೆಲೆಯನ್ನು ಕುಗ್ಗಿಸಿತೆಂದು ನನಗನ್ನಿಸುವುದಿಲ್ಲ, ಹೆಚ್ಚಿಸಿತು. ಇದೇ ವರ್ಗದ ಜೀನ್‌ಗಳು ಇಲಿಯಲ್ಲಿಯೂ ನಮ್ಮಲ್ಲಿಯೂ ಇವೆ. 1995ರಲ್ಲಿ ಕ್ರಿಸ್ಟಿಯಾನ್ ನ್ಯೂಸ್ಲೈನ್-ಫೋಲ್‌ಹಾರ್ಡ್ ಮತ್ತು ಎರಿಕ್ ವೀಶೌಸ್ ಅವರೊಂದಿಗೆ ಲೂಯಿಸ್ ನೊಬೆಲ್ ಪ್ರಶಸ್ತಿ ಹಂಚಿಕೊಂಡರು.

ರೆಕ್ಕೆ, ಹಾಲ್ಟಿಯರ್‌ಗಳಲ್ಲಾದ ಇಂಥ ಬದಲಾವಣೆಗಳನ್ನು ಗುರುತಿಸಲು ಆಧಾರವಾದದ್ದು ಇಡೀ ನೊಣವನ್ನು ಮೇಲಿನಿಂದ ಬೆಳಕು ಬಿಟ್ಟು ನೋಡುವ ನೋಟ. ಸಾವಿರ ಪಟ್ಟಿನ ಉಪಕರಣಕ್ಕೆ ಗಾಜಿನ ಮೇಲೆ ಹರಡಿದ, ಬೆಳಕು ಹಾಯುವ ತೆಳು ಪದರ ಬೇಕು; ನೊಣವನ್ನಿಟ್ಟರೆ ಕಪ್ಪು ಮಚ್ಚೆಯೊಂದು ಕಾಣುತ್ತದೆ, ಅಷ್ಟೆ. ನನ್ನ ಉಪಕರಣದಲ್ಲಿ ಮಸೂರಕ್ಕೂ ತಟ್ಟೆಗೂ ನಡುವೆ ಕುಂಚದಿಂದ ನೊಣವನ್ನು ಹೊರಳಿಸುವಷ್ಟು ಜಾಗವಿದೆ, ಆಳವೂ ತಿಳಿಯುತ್ತದೆ. 20ರಲ್ಲಿ ಕೆಂಗಣ್ಣು, ರೆಕ್ಕೆಯ ನರಗಳು ಸ್ಪಷ್ಟ. 40ರಲ್ಲಿ ರೆಕ್ಕೆಯನ್ನು ಸರಿಸಿದರೆ ಹಾಲ್ಟಿಯರ್ ಕಾಣುತ್ತದೆ. ನೊಣಗಳಿಗೇನೂ ಇಲ್ಲಿ ಬರವಿಲ್ಲ. ಹಲಸಿನ ಕಾಲದಲ್ಲಿ ತೊಳೆಗಳನ್ನು ಬಾಟಲಿಯಲ್ಲಿಟ್ಟು ಬಾಯಿ ತೆರೆದಿಟ್ಟರೆ ಸಾಕು. ನಾಲ್ಕು ರೆಕ್ಕೆಯದು ಹಿತ್ತಲಲ್ಲಿ ಸಿಗುವುದಿಲ್ಲವಾದ್ದರಿಂದ ಅದನ್ನು ಚಿತ್ರದಲ್ಲಿಯೇ ತೋರಿಸುತ್ತೇನೆ.

ದೋಷಗಳೂ ಇವೆ. ಜೊತೆಗೆ ಬರುವ ಹ್ಯಾಲೊಜೆನ್ ಬಲ್ಬು ಬೇಗ ಕಾಯುತ್ತದೆ. ಫ್ರಿಜ್ಜಿನಲ್ಲಿಟ್ಟು ತಣ್ಣಗೆ ಮಂಪರು ಬರಿಸಿದ ನೊಣಗಳು ಆ ಬಿಸಿಗೆ ಎಚ್ಚೆತ್ತು, ಸಾಲಿನ ಕೊನೆಯಲ್ಲಿ ನಿಂತ ಹುಡುಗಿಯ ಸರದಿ ಬರುವಷ್ಟರಲ್ಲಿ ಹಾರಿಹೋಗುತ್ತವೆ. ಈಗ ಆ ಬಲ್ಬನ್ನು ಆರಿಸಿ, ಪಕ್ಕದಿಂದ ಎಲ್‌ಇಡಿ ದೀಪ ಹಿಡಿದು, ಗಾಜಿನ ತಟ್ಟೆಯ ಕೆಳಗೆ ಮಂಜುಗಡ್ಡೆಯ ಚೀಲ ಇಡುತ್ತೇನೆ. ಕ್ಯಾಮೆರಾಕ್ಕೆ ಮೂರನೆಯ ಕೊಳವೆಯಿಲ್ಲದಿರುವುದು ಇನ್ನೂ ದೊಡ್ಡ ಕೊರತೆ. ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ನ್ಯೂಸ್ಲೈನ್-ಫೋಲ್‌ಹಾರ್ಡ್ ಮತ್ತು ವೀಶೌಸ್ ಇಬ್ಬರೂ ಏಕಕಾಲಕ್ಕೆ ನೋಡಬಹುದಾದ ಜೋಡಿ ಸೂಕ್ಷ್ಮದರ್ಶಕದ ಮುಂದೆ ಕುಳಿತು ಹಣ್ಣುನೊಣದ ಭ್ರೂಣಗಳನ್ನು ಪರೀಕ್ಷಿಸುತ್ತಿದ್ದರು. ನಮ್ಮಲ್ಲಿಯೋ ಒಬ್ಬರು ಕಂಡದ್ದನ್ನು ಉಳಿದವರು ಬರಿ ಮಾತಿನಲ್ಲಿ ಕೇಳಬೇಕು.

ಕರಾವಳಿಯ ಮಳೆಗಾಲದಲ್ಲಿ ಮಸೂರಕ್ಕೆ ಬೂಷ್ಟು ಹಿಡಿಯುವ ಭಯವಿದೆ. ಹೊದಿಕೆ ಹಾಕಿಟ್ಟರೆ ಸಾಲದು. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆಗಿಟ್ಟು, ಜೆಲ್ಲಿನ ಬಣ್ಣ ಮಾಸಿದಾಗ ಒಣಗಿಸಿ ಮತ್ತೆ ಇಡಬೇಕು. ಕೊಳ್ಳುವವರು ಒಂದೆರಡು ಸಾವಿರ ಹೆಚ್ಚು ಕೊಟ್ಟಾದರೂ ಎಲ್‌ಇಡಿ ಬೆಳಕಿನ ಮಾದರಿಯನ್ನೇ ಕೇಳಲಿ, ಹಣ ಕೊಡುವ ಮುನ್ನ ಎರಡು ಕಣ್ಣಿನ ಚಿತ್ರಗಳೂ ಒಂದಾಗಿ ಕೂಡುತ್ತವೆಯೇ ಎಂದು ಅಂಗಡಿಯಲ್ಲಿಯೇ ನೋಡಲಿ.