ಐಷಾರಾಮಿ ಎಸ್‌ಯುವಿ, ಆರು ವರ್ಷದ ಬಳಕೆ: ಎಂಜಿನ್‌ಗೆ ಪೂರ್ತಿ ಅಂಕ, ಟ್ರಾನ್ಸ್‌ಫರ್ ಕೇಸ್‌ಗೆ ಸೊನ್ನೆ

ಮೊದಲೇ ಹೇಳಿಬಿಡುತ್ತೇನೆ, ಈ ಕಾರಿನ ಎಂಜಿನ್ ಬಗ್ಗೆ ನನ್ನದು ಒಂದೇ ಒಂದು ದೂರಿಲ್ಲ. ಎರಡು ಲೀಟರ್ ಡೀಸೆಲ್, ಆರು ವರ್ಷ ಆದರೂ ಹೊಸದರ ಹಾಗೇ ಓಡುತ್ತದೆ. ಸೀಟು, ಸಸ್ಪೆನ್ಷನ್, ಹೆಡ್‌ಲೈಟ್ ಎಲ್ಲವೂ ಕೊಟ್ಟ ದುಡ್ಡಿಗೆ ತಕ್ಕ ಹಾಗಿವೆ. ಬೆಂಗಳೂರಿನಿಂದ ಸಕಲೇಶಪುರದ ತೋಟಕ್ಕೆ ಹೋಗಿ, ಅಲ್ಲಿಂದ ಶಿರಾಡಿ ಇಳಿದು ಮಂಗಳೂರು ಮುಟ್ಟಿದರೂ ಬೆನ್ನು ನೋಯುವುದಿಲ್ಲ. ನನ್ನ ತಕರಾರು ಇರುವುದು ಎಂಜಿನ್‌ನ ಶಕ್ತಿ ಚಕ್ರಕ್ಕೆ ತಲುಪುವ ದಾರಿಯ ಬಗ್ಗೆ, ಅಂದರೆ ಆ ಶಕ್ತಿಯನ್ನು ಮುಂದಿನ ಹಿಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸ್ ಬಗ್ಗೆ. ಅಲ್ಲಿ ಏನು ಕೆಟ್ಟಿತು, ವಾರಂಟಿ ಇದ್ದಾಗ ನನಗೆ ಏನು ಹೇಳಿ ಕಳಿಸಿದರು ಅನ್ನೋದನ್ನು ಇಂಥ ಕಾರು ಇಟ್ಟುಕೊಂಡವರು ತಿಳಿದಿರಲೇಬೇಕು. ಕಂಪನಿ ಹೆಸರು ಬರೆಯುತ್ತಿಲ್ಲ. ಇದೇ ಥರದ ಆಲ್ ವೀಲ್ ಡ್ರೈವ್ (ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ) ಜೋಡಣೆ ಬೇರೆ ಬೇರೆ ದುಬಾರಿ ಎಸ್‌ಯುವಿಗಳಲ್ಲೂ ಇದೆ, ಹಾಗಾಗಿ ಮಾತು ಎಲ್ಲರಿಗೂ ಸೇರಿದ್ದು.

ಶುರುವಾಗಿದ್ದು ಮೂರನೇ ವರ್ಷ, ವಾರಂಟಿ ಮುಗಿಯೋಕೆ ಇನ್ನೂ ಕೆಲವು ತಿಂಗಳು ಇರುವಾಗ. ಅಪಾರ್ಟ್‌ಮೆಂಟ್‌ನ ಬೇಸ್‌ಮೆಂಟಿನಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿ ಮೆಲ್ಲಗೆ ಹೊರಬರುವಾಗ ಕಾರು ತಡೆದು ತಡೆದು ಹೋಗುತ್ತಿತ್ತು. ಯಾರೋ ಹಿಂದಿನಿಂದ ಹಿಡಿದು ಬಿಟ್ಟಂತೆ ಅನಿಸುತ್ತಿತ್ತು. ಹೆದ್ದಾರಿಯಲ್ಲಿ 50, 60ರ ವೇಗದಲ್ಲಿ ಆಕ್ಸಿಲರೇಟರ್ ಹಗುರವಾಗಿ ಒತ್ತಿದಾಗ ಸಣ್ಣ ಜರ್ಕ್. ಎಂಜಿನ್ ಬಿಸಿಯಾದ ಮೇಲೆ ಜಾಸ್ತಿ, ಬೆಳಿಗ್ಗೆ ತಣ್ಣಗಿದ್ದಾಗ ಕಡಿಮೆ.

ಸರ್ವಿಸ್ ಸೆಂಟರ್‌ಗೆ ಬಿಟ್ಟೆ. ಅಡ್ವೈಸರ್ ಒಂದು ರೌಂಡ್ ಓಡಿಸಿ ಬಂದು, "ಸಾರ್, ಆಲ್ ವೀಲ್ ಡ್ರೈವ್ ಗಾಡಿ ಅಲ್ವಾ, ಸ್ಟೀರಿಂಗ್ ಫುಲ್ ತಿರುಗಿಸಿದಾಗ ಇಷ್ಟು ನಾರ್ಮಲ್" ಅಂದರು. ಹಾಗಾದರೆ ಮೊದಲ ಎರಡು ವರ್ಷ ಯಾಕೆ ಇರಲಿಲ್ಲ ಅಂತ ಕೇಳಿದೆ. ಅದಕ್ಕೆ ಉತ್ತರ ಬರಲಿಲ್ಲ. ಜಾಬ್ ಕಾರ್ಡ್ (ನಮ್ಮ ದೂರು, ಮಾಡುವ ಕೆಲಸ ಬರೆದುಕೊಳ್ಳುವ ಚೀಟಿ) ನೋಡಿದರೆ ಗ್ರಾಹಕರ ದೂರು ಅನ್ನೋ ಜಾಗದಲ್ಲಿ "ಜನರಲ್ ಚೆಕಪ್" ಅಂತಷ್ಟೇ ಇತ್ತು. ಅದನ್ನು ಹೊಡೆದು ಹಾಕಿಸಿ, "ಪೂರ್ತಿ ಸ್ಟೀರಿಂಗ್ ತಿರುಗಿಸಿದಾಗ ಅದುರುತ್ತದೆ, 50ರಿಂದ 60ರಲ್ಲಿ ಜರ್ಕ್" ಅಂತ ಹೊಸದಾಗಿ ಬರೆಸಿ, ಕಿ.ಮೀ. ರೀಡಿಂಗ್ ಹಾಕಿಸಿ, ಸಹಿ ಮಾಡಿಸಿಕೊಂಡೇ ಕಾರು ತಂದೆ. ಮುಂದೆ ನನ್ನನ್ನು ಕಾಪಾಡಿದ್ದು ಇದೇ ಒಂದು ಸಾಲು.

ಒಳಗೆ ಏನು ನಡೆಯುತ್ತಿತ್ತು ಅಂತ ಸ್ವಲ್ಪ ಹೇಳಬೇಕು. ಗೇರ್‌ಬಾಕ್ಸ್‌ನ ಹಿಂದೆ ಟ್ರಾನ್ಸ್‌ಫರ್ ಕೇಸ್ ಅನ್ನೋ ಪೆಟ್ಟಿಗೆ ಇರುತ್ತದೆ. ಹಿಂದಿನ ಚಕ್ರಗಳಿಗೆ ಶಕ್ತಿ ಸದಾ ಹೋಗುತ್ತದೆ. ಮುಂದಿನವಕ್ಕೆ ಬೇಕಾದಾಗ ಮಾತ್ರ. ಈ ಹಂಚಿಕೆ ಮಾಡೋದು ಎಣ್ಣೆಯಲ್ಲಿ ಮುಳುಗಿರುವ ಕ್ಲಚ್ ಪ್ಲೇಟುಗಳು. ಒಂದು ಸಣ್ಣ ಮೋಟಾರ್ ಅವುಗಳನ್ನು ಒತ್ತುತ್ತದೆ, ಬಿಡುತ್ತದೆ. ತಿರುವಿನಲ್ಲಿ ಮುಂದಿನ ಮತ್ತು ಹಿಂದಿನ ಚಕ್ರಗಳು ಬೇರೆ ಬೇರೆ ದೂರ ಉರುಳುತ್ತವೆ, ಆಗ ಪ್ಲೇಟುಗಳು ಒಂದರ ಮೇಲೊಂದು ಜಾರಲೇಬೇಕು. ಎಣ್ಣೆ ಚೆನ್ನಾಗಿದ್ದರೆ ಸದ್ದಿಲ್ಲದೆ ಜಾರುತ್ತವೆ. ಎಣ್ಣೆಯ ಗುಣ ಹೋದರೆ ಕಚ್ಚುತ್ತವೆ, ಬಿಡುತ್ತವೆ, ಮತ್ತೆ ಕಚ್ಚುತ್ತವೆ. ಅದೇ ಆ ಅದುರು. ಇಷ್ಟೆಲ್ಲ ಕೆಲಸ ಮಾಡುವ ಆ ಎಣ್ಣೆ ಒಂದು ಲೀಟರ್ ಕೂಡ ಇರುವುದಿಲ್ಲ. ನನ್ನ ಸರ್ವಿಸ್ ಪಟ್ಟಿಯಲ್ಲಿ ಅದನ್ನು ಬದಲಾಯಿಸುವ ಮಾತೇ ಇರಲಿಲ್ಲ. ಕೇಳಿದರೆ "ಲೈಫ್‌ಟೈಮ್ ಆಯಿಲ್ ಸಾರ್" ಅಂತಾರೆ.

ಯಾರ ಲೈಫ್‌ಟೈಮ್? ಇಂಥ ಅನೇಕ ಕಾರುಗಳಿಗೆ 8 ಸ್ಪೀಡ್ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಮಾಡಿಕೊಡುವುದು ಜರ್ಮನಿಯ ಝಡ್‌ಎಫ್. ಗೇರ್‌ಬಾಕ್ಸ್ ಎಣ್ಣೆಯನ್ನು 80 ಸಾವಿರದಿಂದ 1 ಲಕ್ಷ 20 ಸಾವಿರ ಕಿ.ಮೀ. ಒಳಗೆ, ಅಥವಾ ಹೆಚ್ಚೆಂದರೆ 8 ವರ್ಷಕ್ಕೆ ಬದಲಾಯಿಸಿ ಅಂತ ಝಡ್‌ಎಫ್ ತಾನೇ ಹೇಳುತ್ತದೆ. ಪೆಟ್ಟಿಗೆ ಮಾಡಿದವರು ಬದಲಾಯಿಸಿ ಅನ್ನುವಾಗ, ಅದನ್ನು ಕಾರಿಗೆ ಕೂರಿಸಿ ಮಾರಿದವರು ಬೇಡ ಅನ್ನೋದು ನನಗೆ ಇವತ್ತಿಗೂ ಒಪ್ಪಿಗೆಯಾಗಿಲ್ಲ. ಗೇರ್‌ಬಾಕ್ಸ್ ಎಣ್ಣೆಗೇ ಹೀಗಾದರೆ, ಅದಕ್ಕಿಂತ ತುಂಬಾ ಕಡಿಮೆ ಇರುವ ಟ್ರಾನ್ಸ್‌ಫರ್ ಕೇಸ್ ಎಣ್ಣೆ ಬೆಂಗಳೂರಿನ ಟ್ರಾಫಿಕ್ಕಿನಲ್ಲಿ, ಘಾಟಿಯ ಏರು ತಿರುವಿನಲ್ಲಿ ಎಷ್ಟು ವರ್ಷ ಬರಬೇಕು?

ಟೈರಿನ ವಿಷಯವೂ ಇದೆ, ಇದನ್ನು ತುಂಬಾ ಜನ ಗಮನಿಸುವುದಿಲ್ಲ. ಹಾಸನ ದಾಟಿದ ಮೇಲೆ ರಸ್ತೆ ಕೆಲಸದ ಕಲ್ಲಿಗೆ ಸಿಕ್ಕಿ ಹಿಂದಿನ ಒಂದು ಟೈರಿನ ಪಕ್ಕ ಹರಿದಿತ್ತು. ಅದೇ ಸರ್ವಿಸ್ ಸೆಂಟರ್ ಹಿಂದಿನ ಎರಡನ್ನು ಮಾತ್ರ ಹೊಸದು ಹಾಕಿ, ಮುಂದಿನವು ಇನ್ನೂ ಚೆನ್ನಾಗಿವೆ ಅಂತ ಕಳಿಸಿತ್ತು. ಮುಂದಿನ ಟೈರುಗಳು ಆಗಲೇ 3 ಮಿ.ಮೀ. ಹತ್ತಿರ ಸವೆದಿದ್ದವು. ಲೆಕ್ಕ ಹಾಕಿ ನೋಡಿ: ಚಕ್ರದ ಅಳತೆಯಲ್ಲಿ ಅಷ್ಟು ವ್ಯತ್ಯಾಸ ಇದ್ದರೆ ಪ್ರತಿ ಕಿ.ಮೀ.ಗೆ ಮುಂದಿನ ಚಕ್ರ ಮೂರು ನಾಲ್ಕು ಸುತ್ತು ಜಾಸ್ತಿ ಸುತ್ತಬಹುದು. ಅಂದರೆ ನೇರ ರಸ್ತೆಯಲ್ಲೂ ಕ್ಲಚ್ ಪ್ಲೇಟುಗಳಿಗೆ ಬಿಡುವಿಲ್ಲ. ಇಂಥ ಕಾರಿಗೆ ನಾಲ್ಕೂ ಟೈರು ಒಂದೇ ಬ್ರಾಂಡ್, ಒಂದೇ ಪ್ಯಾಟರ್ನ್, ಹೆಚ್ಚೂಕಡಿಮೆ ಒಂದೇ ಸವೆತ ಇರಬೇಕು. ಇದು ಹೇಳಬೇಕಾದವರೇ ಹೇಳಲಿಲ್ಲ.

ವಾರಂಟಿ ಮುಗಿದು ಕೆಲವು ತಿಂಗಳಿಗೆ ಶಿರಾಡಿಯಲ್ಲಿ, ಮಾರನಹಳ್ಳಿ ದಾಟಿ ಇಳಿಯುವಾಗ ಡ್ಯಾಶ್‌ಬೋರ್ಡ್ ಮೇಲೆ ಹಳದಿ ಬಣ್ಣದ ಎಚ್ಚರಿಕೆ ಬಂತು. ಸ್ವಲ್ಪ ಹೊತ್ತಿಗೆ ಕಾರನ್ನು ಮುಂದೆ ಓಡಿಸಲಾಗದೆ ನಿಲ್ಲಿಸಬೇಕಾಯಿತು. ಹಿಂದೆ ಟ್ಯಾಂಕರ್‌ಗಳ ಸಾಲು, ಜೊತೆಗೆ ಮಳೆ, ಹಿಂದಿನ ಸೀಟಿನಲ್ಲಿ ಅಮ್ಮ. ಹಗ್ಗ ಕಟ್ಟಿ ಎಳೆಯೋಕೆ ಜೀಪಿನವರೊಬ್ಬರು ಮುಂದೆ ಬಂದರು, ಒಳ್ಳೆ ಮನುಷ್ಯ. ಆದರೆ ಚಕ್ರ ನೆಲದ ಮೇಲಿಟ್ಟು ಈ ಕಾರನ್ನು ಎಳೆದರೆ ಒಳಗಿರೋದೂ ಹಾಳಾಗುತ್ತದೆ. ನಾಲ್ಕೂ ಚಕ್ರ ಮೇಲಿರುವ ಫ್ಲಾಟ್‌ಬೆಡ್ ಲಾರಿಯೇ ಬೇಕು. ಅದು ಬರುವ ಹೊತ್ತಿಗೆ ಕತ್ತಲಾಗಿತ್ತು.

ಸರ್ವಿಸ್ ಸೆಂಟರ್ ಕೊಟ್ಟ ಅಂದಾಜು ನಾಲ್ಕು ಲಕ್ಷದ ಹತ್ತಿರ. ಪೂರ್ತಿ ಹೊಸ ಟ್ರಾನ್ಸ್‌ಫರ್ ಕೇಸ್, ಬಿಚ್ಚಿ ನೋಡುವ ಮಾತೇ ಇಲ್ಲ. ನಾನು ಒಪ್ಪಿಗೆ ಕೊಡುವ ಮೊದಲು ಕಾರನ್ನು ಮೈಸೂರು ರಸ್ತೆ ಕಡೆಯ ಒಂದು ಖಾಸಗಿ ಗ್ಯಾರೇಜ್‌ಗೆ ಸಾಗಿಸಿ, ಎದುರಿಗೇ ನಿಂತು ಪರೀಕ್ಷೆ ಮಾಡಿಸಿದೆ. ಮೆಕ್ಯಾನಿಕ್ ಡ್ರೇನ್ ಬೋಲ್ಟ್ ಬಿಚ್ಚಿದಾಗ ಬಂದ ಎಣ್ಣೆ ಕರೀ ಡಿಕಾಕ್ಷನ್ ಹಾಗಿತ್ತು, ಸುಟ್ಟ ವಾಸನೆ. ಬೆರಳಿಗೆ ಹಚ್ಚಿ ಉಜ್ಜಿದರೆ ನುಣ್ಣನೆ ಲೋಹದ ಪುಡಿ ಮಿನುಗುತ್ತಿತ್ತು. ಮೋಟಾರ್ ತೆಗೆದು ಒಳಗಿನ ಪ್ಲಾಸ್ಟಿಕ್ ಗೇರ್ ತೋರಿಸಿ, "ಇಲ್ನೋಡಿ ಅಣ್ಣಾ, ಈ ಒಂದ್ ಕಡೆ ಹಲ್ಲೇ ಇಲ್ಲ" ಅಂದರು. ಪ್ಲೇಟುಗಳು ಕಚ್ಚಿ ಹಿಡಿದಷ್ಟೂ ಈ ಪುಟ್ಟ ಗೇರ್ ಮೇಲೆ ಭಾರ ಬೀಳುತ್ತಾ ಹೋಗಿರುತ್ತದೆ ಅನ್ನೋದು ಅವರ ಮಾತು. ಎಲ್ಲದರ ಫೋಟೊ ತೆಗೆದುಕೊಂಡೆ.

ಆಮೇಲೆ ಕಂಪನಿಯ ಕಚೇರಿಗೆ ಇಮೇಲ್ ಬರೆದೆ. ವಾರಂಟಿ ಒಳಗಿನ ಜಾಬ್ ಕಾರ್ಡ್, ಎರಡೇ ಟೈರ್ ಹಾಕಿದ ಬಿಲ್, ಎಣ್ಣೆಯ ಫೋಟೊ, ಎಲ್ಲ ಲಗತ್ತಿಸಿದೆ. ಮೊದಲ ಉತ್ತರ ಸುಮ್ನೆ ವಿಷಾದದ ಪತ್ರ. ಎರಡನೇ ಪತ್ರದಲ್ಲಿ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದೂರು ಕೊಡುತ್ತೇನೆ ಅಂತ ಸ್ಪಷ್ಟವಾಗಿ ತಿಳಿಸಿದೆ. ಆಗ ಮಾತು ಬದಲಾಯಿತು. ಗುಡ್‌ವಿಲ್, ಅಂದರೆ ಹೊಣೆ ಒಪ್ಪದೆ ಸೌಹಾರ್ದಕ್ಕೆ ಕೊಡುವ ನೆರವು ಅಂತ ಹೇಳಿ, ಬಿಡಿಭಾಗದ ಬೆಲೆಯ ಅರ್ಧ ಅವರೇ ಹಾಕಿಕೊಂಡರು. ಉಳಿದರ್ಧ, ಲೇಬರ್, ಜೊತೆಗೆ ನಾಲ್ಕು ಹೊಸ ಟೈರು ನನ್ನ ಮೇಲೆ ಬಿತ್ತು. ವಾರಂಟಿಯಲ್ಲೇ ತೋರಿಸಿದ ದೋಷಕ್ಕೆ ಅರ್ಧ ದುಡ್ಡು ಕೊಡಬೇಕಾಗಿ ಬಂದದ್ದು ನ್ಯಾಯ ಅಂತ ನನಗೆ ಅನಿಸುವುದಿಲ್ಲ. ಅಮ್ಮನ ಆರೋಗ್ಯ ನೋಡಿಕೊಂಡು, ಕೋರ್ಟು ಕಚೇರಿ ಅಲೆಯೋದು ಬೇಡ ಅಂತ ಒಪ್ಪಿಕೊಂಡೆ.

ದೂರು ಕೊಡಲು ಮುಂದೆ ಹೋಗುವವರಿಗೆ ಬೇಕಾದ ಮಾಹಿತಿ ಇಷ್ಟು. ದೂರಿಗೆ ಕಾರಣ ಹುಟ್ಟಿದ ದಿನದಿಂದ 2 ವರ್ಷದೊಳಗೆ ಗ್ರಾಹಕ ಆಯೋಗಕ್ಕೆ ಹೋಗಬೇಕು. ಕೊಟ್ಟ ಬೆಲೆ 50 ಲಕ್ಷದವರೆಗೆ ಇದ್ದರೆ ಜಿಲ್ಲಾ ಆಯೋಗ, ಅದಕ್ಕಿಂತ ಮೇಲೆ 2 ಕೋಟಿವರೆಗೆ ರಾಜ್ಯ ಆಯೋಗ. ಈ ವರ್ಗದ ಕಾರುಗಳಲ್ಲಿ ಹೆಚ್ಚಿನವು ರಾಜ್ಯ ಆಯೋಗಕ್ಕೇ ಬರುತ್ತವೆ. ಅದಕ್ಕೆ ಮೊದಲು 1915ಕ್ಕೆ ಫೋನ್ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಬಹುದು, ಅದಕ್ಕೆ ಖರ್ಚಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ವಾರಂಟಿ ಇರುವ ಕಾರನ್ನು ಹಲವು ಸಲ ರಿಪೇರಿ ಮಾಡಿಯೂ ಸರಿಯಾಗದಿದ್ದರೆ ಕಂಪನಿ ಬೇರೆ ಕಾರು ಕೊಡಬೇಕು ಅಥವಾ ದುಡ್ಡು ವಾಪಸ್ ಕೊಡಬೇಕು ಅನ್ನೋ ಕಾನೂನೇ ಇದೆ. ಕಾರಿಗೆಂದೇ ಅಂಥ ಕಾನೂನು ನಮ್ಮಲ್ಲಿಲ್ಲ. ಹಾಗಾಗಿ ಜಾಬ್ ಕಾರ್ಡೇ ನಮ್ಮ ಆಧಾರ. ಬಾಯಲ್ಲಿ ಹೇಳಿದ್ದು ಯಾವುದೂ ಲೆಕ್ಕಕ್ಕೆ ಬರುವುದಿಲ್ಲ.

ಈಗ ಹೊಸ ಟ್ರಾನ್ಸ್‌ಫರ್ ಕೇಸ್ ಹಾಕಿ ಎರಡು ವರ್ಷದ ಹತ್ತಿರ ಆಯಿತು. ಅದುರು ಇಲ್ಲ, ಜರ್ಕ್ ಇಲ್ಲ. ಪಟ್ಟಿಯಲ್ಲಿ ಇರಲಿ ಬಿಡಲಿ, 50 ಸಾವಿರ ಕಿ.ಮೀ.ಗೊಮ್ಮೆ ಆ ಎಣ್ಣೆ ಬದಲಾಯಿಸಬೇಕು ಅಂತ ತೀರ್ಮಾನ ಮಾಡಿದ್ದೇನೆ. ಎಣ್ಣೆ ಹಾಕಿದ ಮೇಲೆ ಕಂಪ್ಯೂಟರ್ ಜೋಡಿಸಿ ಹೊಸ ಎಣ್ಣೆಯ ಲೆಕ್ಕವನ್ನು ಕಾರಿಗೆ ತಿಳಿಸಬೇಕು, ಅದು ಗೊತ್ತಿರುವ ಗ್ಯಾರೇಜ್‌ಗೇ ಕೊಡಿ. ನಾಲ್ಕು ಲಕ್ಷದ ಭಾಗದ ಎದುರು ಈ ಖರ್ಚು ಏನೂ ಅಲ್ಲ.

ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವವರಿಗೆ ಒಂದು ಮಾತು. ನಾಲ್ಕು ವರ್ಷ ತುಂಬಿದ ಮೇಲೆ ಈ ಕಾರುಗಳ ಬೆಲೆ ಅರ್ಧಕ್ಕೆ ಇಳಿದಿರುತ್ತದೆ, ಆಸೆ ಆಗೋದು ಸಹಜ. ಮೊದಲು ಅರ್ಧ ಗಂಟೆ ಓಡಿಸಿ ಚೆನ್ನಾಗಿ ಬಿಸಿ ಮಾಡಿ. ಆಮೇಲೆ ಖಾಲಿ ಮೈದಾನದಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿ, ಎಡಕ್ಕೊಂದು ಬಲಕ್ಕೊಂದು ಸುತ್ತು ಮೆಲ್ಲಗೆ ಹಾಕಿ. ಕಿಟಕಿ ಇಳಿಸಿ, ಹಾಡು ನಿಲ್ಲಿಸಿ, ಆ ಅದುರು ಇದೆಯಾ ಗಮನಿಸಿ. ಕೆಳಗಿಳಿದು ನಾಲ್ಕೂ ಟೈರಿನ ಪಕ್ಕದಲ್ಲಿರುವ ನಾಲ್ಕಂಕಿ ಸಂಖ್ಯೆ ನೋಡಿ. ಮೊದಲ ಎರಡು ಅಂಕಿ ವಾರ, ಕೊನೆಯ ಎರಡು ಅಂಕಿ ವರ್ಷ. ಮುಂದಿನದಕ್ಕೂ ಹಿಂದಿನದಕ್ಕೂ ವರ್ಷಗಳ ಅಂತರ ಇದ್ದರೆ ಹಳೆ ಜಾಬ್ ಕಾರ್ಡ್‌ಗಳನ್ನೆಲ್ಲ ಕೇಳಿ. ಮಾರುವವರು ಕೊಡೋಕೆ ಹಿಂದೆಮುಂದೆ ನೋಡಿದರೆ, ಆ ಕಾರನ್ನು ಅಲ್ಲೇ ಬಿಟ್ಟು ಬನ್ನಿ.