ಲಕ್ಕಿ ಸ್ಕೀಮ್ ಕಾರ್ಡಿನ ಹಿಂಬದಿಯ ಲೆಕ್ಕ

ಉಡುಪಿಯಿಂದ ಮಂಗಳೂರಿಗೆ ಹೋಗುವ ಹೆದ್ದಾರಿಯ ಬದಿಯಲ್ಲಿ ಕಚೇರಿ ಇಟ್ಟುಕೊಂಡಿದ್ದ ಲಕ್ಕಿ ಸ್ಕೀಮೊಂದರಲ್ಲಿ ನಾನು 13 ತಿಂಗಳು ಸದಸ್ಯನಾಗಿದ್ದೆ. ಪ್ರಕರಣವು ವಿಚಾರಣೆಯಲ್ಲಿರುವುದರಿಂದ ಸಂಸ್ಥೆಯ ಹೆಸರನ್ನು ಬರೆಯುವುದಿಲ್ಲ. ಬರೆಯುವ ಅಗತ್ಯವೂ ಇಲ್ಲ, ಏಕೆಂದರೆ ನಾನು ವಿಮರ್ಶಿಸಬೇಕೆಂದಿರುವುದು ಆ ಕಾರ್ಡಿನ ನಿಯಮಗಳನ್ನು.

ನಿಯಮಗಳು ಸರಳವಾಗಿದ್ದವು. ತಿಂಗಳಿಗೆ 1,000 ರೂಪಾಯಿಯಂತೆ 20 ತಿಂಗಳು ಕಟ್ಟಬೇಕು. ಪ್ರತಿ ತಿಂಗಳ ಡ್ರಾದಲ್ಲಿ ಒಂದು ಕಾರು, ಎರಡು ಸ್ಕೂಟರು ಮತ್ತು ಹತ್ತು ಮಂದಿಗೆ ಚಿನ್ನದ ನಾಣ್ಯ. ಬಹುಮಾನ ಬಂದವರು ಮುಂದಿನ ಕಂತು ಕಟ್ಟಬೇಕಾಗಿಲ್ಲ; ಕೊನೆಯವರೆಗೂ ಬಾರದವರಿಗೆ ಅವರು ಕಟ್ಟಿದ 20,000 ರೂಪಾಯಿ ಬೆಲೆಯ ಚಿನ್ನ ಅಥವಾ ಪೀಠೋಪಕರಣ. ಅಂದರೆ ಯಾರಿಗೂ ನಷ್ಟವಿಲ್ಲ, ಕೆಲವರಿಗೆ ಮಾತ್ರ ಅದೃಷ್ಟ.

ಸೇವೆಯ ಮಟ್ಟಿಗೆ ಹೇಳುವುದಾದರೆ, ಮೊದಲ ಹನ್ನೊಂದು ತಿಂಗಳು ದೂರುವಂಥದ್ದು ಏನೂ ಇರಲಿಲ್ಲ. ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಏಜೆಂಟ್ ಹುಡುಗ ಮನೆಗೆ ಬಂದು ಹಣ ಪಡೆದು ಕಾರ್ಡಿನಲ್ಲಿ ಸಹಿ ಹಾಕುತ್ತಿದ್ದ, ಅವನು ಗೇಟು ದಾಟುವುದರೊಳಗೆ ಆ್ಯಪಿನಲ್ಲಿ ರಸೀದಿ ಕಾಣಿಸುತ್ತಿತ್ತು. ಸಭಾಂಗಣದಲ್ಲಿ ನಡೆಯುವ ಡ್ರಾವನ್ನು ಮೊಬೈಲಿನಲ್ಲಿ ನೇರವಾಗಿ ನೋಡಬಹುದಿತ್ತು. ನಮ್ಮ ಬೀದಿಯ ಕೊನೆಯ ಮನೆಯವರಿಗೆ ಹಿಂದಿನ ಸೀಸನ್‌ನಲ್ಲಿ ಸ್ಕೂಟರು ಬಂದಿತ್ತು, ಮತ್ತು ಅದು ನಿಜವಾದ ಸ್ಕೂಟರೇ ಆಗಿತ್ತು, ಈಗಲೂ ಓಡುತ್ತಿದೆ. ಬಹುಮಾನವೇ ಸುಳ್ಳಾಗಿದ್ದರೆ ನಮ್ಮಲ್ಲಿ ಅರ್ಧದಷ್ಟು ಮಂದಿ ಸೇರುತ್ತಿರಲಿಲ್ಲ.

ಮನೆಬಾಗಿಲಿಗೆ ಬಂದು ಹಣ ಸಂಗ್ರಹಿಸುವವನನ್ನು ನಂಬುವುದು ಈ ಜಿಲ್ಲೆಗಳಲ್ಲಿ ಹಳೆಯ ಅಭ್ಯಾಸ, ಮತ್ತು ಅದು ಬುದ್ಧಿಗೇಡಿ ಅಭ್ಯಾಸವೇನೂ ಅಲ್ಲ. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕಿನ ಮೂಲ ಸಂಸ್ಥೆಯೂ, ಉಡುಪಿಯಲ್ಲಿ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆದ ಸಂಸ್ಥೆಯೂ ಹುಟ್ಟಿದವು. 1925ರಲ್ಲಿ ಉಡುಪಿಯಲ್ಲೇ ಆರಂಭವಾದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಠೇವಣಿಯನ್ನು ತಂದು, ದಿನಕ್ಕೆ ಎರಡಾಣೆಯನ್ನೂ ಮನೆಮನೆಯಿಂದ ಸಂಗ್ರಹಿಸಿತು. ಪಿಗ್ಮಿ ಏಜೆಂಟನ ಕೈಗೆ ಚಿಲ್ಲರೆ ಕೊಟ್ಟು ಮಗಳ ಮದುವೆ ಮಾಡಿದ ಮನೆಗಳನ್ನು, 31 ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿದ ನಾನು ಬೇಕಾದಷ್ಟು ಕಂಡಿದ್ದೇನೆ. ಸ್ಕೀಮಿನವರು ಕಟ್ಟಿದ್ದು ಆ ವಿಶ್ವಾಸದ ಅಡಿಪಾಯದ ಮೇಲೆ. ಪಿಗ್ಮಿ ಏಜೆಂಟನ ಹಿಂದೆ ಲೆಕ್ಕಪರಿಶೋಧನೆಗೆ ಒಳಪಡುವ ಬ್ಯಾಂಕೊಂದು ಇರುತ್ತಿತ್ತು. ಈ ಹುಡುಗನ ಹಿಂದೆ ಇದ್ದದ್ದು ಬಾಡಿಗೆಯ ಎರಡು ಕೋಣೆ.

ಈಗ ಲೆಕ್ಕಕ್ಕೆ ಬರುತ್ತೇನೆ. ಸೇರುವ ಮೊದಲು ಮಾಡಬೇಕಾಗಿದ್ದ ಈ ಲೆಕ್ಕವನ್ನು ನಾನು ಮಾಡಿದ್ದು ಡ್ರಾ ನಿಂತ ನಂತರ, ಅದೇ ಕಾರ್ಡಿನ ಹಿಂಬದಿಯಲ್ಲಿ. ಅಸಲನ್ನು ಚಿನ್ನವಾಗಿಯೋ ಪೀಠೋಪಕರಣವಾಗಿಯೋ ಮರಳಿಸಲೇಬೇಕಾದ್ದರಿಂದ ಸಂಸ್ಥೆಯ ಕೈಗೆ ದಕ್ಕುವುದು ಅದರ ಬಡ್ಡಿ ಮಾತ್ರ. ತಿಂಗಳಿಗೆ 1,000 ರೂಪಾಯಿಯಂತೆ 20 ತಿಂಗಳು ಕಟ್ಟಿದ ಹಣಕ್ಕೆ ವಾರ್ಷಿಕ ಶೇ. 7ರ ಸರಳ ಬಡ್ಡಿ ಹಿಡಿದರೆ ಬರುವುದು ಒಟ್ಟು 1,225 ರೂಪಾಯಿ. ಏಜೆಂಟನಿಗೆ ಪ್ರತಿ ಕಂತಿಗೆ 50 ರೂಪಾಯಿ ಕಮಿಷನ್, ಅಂದರೆ ಒಬ್ಬ ಸದಸ್ಯನ ಲೆಕ್ಕದಲ್ಲಿ 1,000 ರೂಪಾಯಿ. ಉಳಿಯುವುದು 225. ನನ್ನ ಕಾರ್ಡಿನ ಸಂಖ್ಯೆ ಏಳು ಸಾವಿರದ ಸಮೀಪವಿತ್ತು. ಸದಸ್ಯರು 7,000 ಎಂದೇ ಇಟ್ಟುಕೊಂಡರೂ, ಬಹುಮಾನ, ಸಭಾಂಗಣ, ಕಚೇರಿ ಬಾಡಿಗೆ, ಸಂಬಳ, ಮಾಲೀಕರ ಲಾಭ ಎಲ್ಲಕ್ಕೂ ಸೇರಿ ಇಪ್ಪತ್ತು ತಿಂಗಳಿಗೆ ಸಿಗುವುದು 15,75,000 ರೂಪಾಯಿ. ಇಪ್ಪತ್ತು ಕಾರುಗಳ ಬೆಲೆಯನ್ನು ಓದುಗರೇ ಹಾಕಿಕೊಳ್ಳಲಿ.

ಕಚೇರಿಗೆ ಹೋಗಿ ಇದನ್ನು ಕೇಳಿದಾಗ ವ್ಯವಸ್ಥಾಪಕರು, “ಫರ್ನಿಚರಿನಲ್ಲಿ ನಮಗೆ ಒಳ್ಳೆಯ ಲಾಭ ಉಂಟು ಸರ್” ಎಂದರು. ಈ ಉತ್ತರವನ್ನು ತಳ್ಳಿಹಾಕುವಂತಿಲ್ಲ. ಎಲ್ಲರೂ ಸೋಫಾ, ಕಪಾಟುಗಳನ್ನೇ ಒಯ್ದರೆ ಲೆಕ್ಕ ಹೇಗಾದರೂ ಹೊಂದಬಹುದು. ಆದರೆ ಪೀಠೋಪಕರಣದ ಲಾಭ ಕೈಸೇರುವುದು 20ನೇ ತಿಂಗಳ ನಂತರ, ಕಾರು ಕೊಡುವುದು ಮೊದಲ ತಿಂಗಳಿನಿಂದ. ನಡುವಿನ ಖರ್ಚು ಸದಸ್ಯರ ಅಸಲಿನಿಂದಲೇ ಹೋಗುತ್ತದೆ. ಅದಲ್ಲದೆ ನಮ್ಮ ಏಜೆಂಟನ ಪುಸ್ತಕದಲ್ಲಿದ್ದ 63 ಸದಸ್ಯರಲ್ಲಿ 58 ಮಂದಿ ಗುರುತು ಹಾಕಿದ್ದು ಚಿನ್ನಕ್ಕೆ.

ಎರಡನೇ ಸೀಸನ್ ಮುಗಿಯಲು ಇನ್ನೂ ಆರು ತಿಂಗಳಿರುವಾಗಲೇ ಮೂರನೆಯದು ಆರಂಭವಾದದ್ದೇಕೆ ಎಂಬುದು ಆಗ ಅರ್ಥವಾಯಿತು. ಹಳಬರ ಚಿನ್ನಕ್ಕೆ ಹೊಸಬರ ಕಂತು. ಬಾಸ್ಟನ್ನಿನ ಚಾರ್ಲ್ಸ್ ಪೊಂಜಿ 1920ರಲ್ಲಿ ಅಂಚೆ ಕೂಪನ್ನಿನ ವ್ಯಾಪಾರದ ಹೆಸರಿನಲ್ಲಿ 45 ದಿನಕ್ಕೆ ಶೇ. 50ರ ಲಾಭ ಹೇಳಿ ಮಾಡಿದ್ದೂ ಇದನ್ನೇ; ನಮ್ಮವರು ಬಡ್ಡಿಯ ಜಾಗದಲ್ಲಿ ಕಾರನ್ನು ನಿಲ್ಲಿಸಿದ್ದರು, ಅಷ್ಟೇ ವ್ಯತ್ಯಾಸ.

ಇದನ್ನು ಚಿಟ್ ಫಂಡಿನೊಂದಿಗೆ ಬೆರೆಸಬಾರದು. 1982ರ ಚಿಟ್ ಫಂಡ್ ಕಾಯ್ದೆಯಡಿ ನೋಂದಾಯಿತವಾದ ಚಿಟ್‌ನಲ್ಲಿ ಹಣ ಎತ್ತಿದವನೂ ಕೊನೆಯವರೆಗೆ ಕಂತು ಕಟ್ಟಲೇಬೇಕು, ಹರಾಜಿನಲ್ಲಿ ಬಿಟ್ಟುಕೊಟ್ಟ ಹಣವು ಡಿವಿಡೆಂಡ್ ಆಗಿ ಸದಸ್ಯರಿಗೇ ಮರಳುತ್ತದೆ. ಇಲ್ಲಿ ಗೆದ್ದವನು ಕಂತು ನಿಲ್ಲಿಸಿ ಹೊರಡುತ್ತಾನೆ. ಕಂತಿನಲ್ಲಿ ಹಣ ಸಂಗ್ರಹಿಸಿ, ಕೆಲವರಿಗೆ ಡ್ರಾ ಮೂಲಕ ಬಹುಮಾನ ಕೊಟ್ಟು, ಉಳಿದವರಿಗೆ ಕೊನೆಯಲ್ಲಿ ಮರಳಿಸುವ ಇಂಥ ಏರ್ಪಾಡನ್ನು 1978ರ ಕಾಯ್ದೆಯು ‘ಪ್ರೈಜ್ ಚಿಟ್’ ಎಂದು ಕರೆದು ನಿಷೇಧಿಸಿದೆ. ಅನಿಯಂತ್ರಿತ ಠೇವಣಿ ಯೋಜನೆಗಳನ್ನು ನಿಷೇಧಿಸುವ 2019ರ ಕಾಯ್ದೆ ಬೇರೆಯೇ ಇದೆ. ಹಾಗಿದ್ದೂ ಆ ಕಚೇರಿಯ ಗೋಡೆಯ ಮೇಲೆ ಚೌಕಟ್ಟು ಹಾಕಿದ ಮೂರು ಪ್ರಮಾಣಪತ್ರಗಳಿದ್ದವು: ಜಿಎಸ್‌ಟಿ ನೋಂದಣಿ, ಸ್ಥಳೀಯ ಸಂಸ್ಥೆಯ ವ್ಯಾಪಾರ ಪರವಾನಗಿ, ಕಂಪನಿ ನೋಂದಣಿ. ಮೂರೂ ಅಸಲಿಯಿರಬಹುದು, ಆದರೆ ಸಾರ್ವಜನಿಕರಿಂದ ಠೇವಣಿ ಪಡೆಯಲು ಅವುಗಳಲ್ಲಿ ಒಂದೂ ಅನುಮತಿಯಲ್ಲ. ನಾನು ಅವುಗಳನ್ನು ದೂರದಿಂದ ನೋಡಿ ತಲೆಯಾಡಿಸಿ ಬಂದವನು.

ಹನ್ನೆರಡನೆಯ ತಿಂಗಳು ಡ್ರಾ “ತಾಂತ್ರಿಕ ಕಾರಣಗಳಿಂದ” ಮುಂದಕ್ಕೆ ಹೋಯಿತು. ಆದರೂ ಆ ತಿಂಗಳು ಮತ್ತು ಮುಂದಿನ ತಿಂಗಳು ಕಂತಿನ ವಸೂಲಿ ಮಾತ್ರ ನಿಲ್ಲಲಿಲ್ಲ. ನಂತರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅಡ್ಮಿನ್‌ಗಳಿಗೆ ಮಾತ್ರ ಬರೆಯುವ ಅವಕಾಶ ಉಳಿಯಿತು, ಆಮೇಲೆ ಕಚೇರಿಗೆ ಬೀಗ ಬಿತ್ತು.

ನನ್ನ 13,000 ರೂಪಾಯಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪಕ್ಕದ ಮನೆಯಲ್ಲಿ ಬೀಡಿ ಕಟ್ಟುವ ಹೆಂಗಸೊಬ್ಬರು ವಾರಕ್ಕೊಮ್ಮೆ ಬೀಡಿ ಬ್ರಾಂಚಿನಿಂದ ತರುವ ಮಜೂರಿಯಲ್ಲಿ ಎರಡು ಕಾರ್ಡು ನಡೆಸುತ್ತಿದ್ದರು. ಹುಡುಗ ಮೊದಲ ದಿನ ನನ್ನೊಡನೆ ಹೇಳಿದ ಮಾತು ಈಗ ನೆನಪಾಗುತ್ತದೆ: “ಅಂಕಲ್, ನೀವು ಬ್ಯಾಂಕಿನಲ್ಲಿದ್ದವರು. ನೀವು ಒಂದು ಕಾರ್ಡು ತೆಗೆದುಕೊಂಡರೆ ಉಳಿದವರು ಎಂತ ಕೇಳುವುದೇ ಇಲ್ಲ.” ಅದರಂತೆಯೇ ಆಯಿತು. ಆ ಹೆಂಗಸು ನನ್ನ ಹೆಂಡತಿಯೊಡನೆ, ಅಣ್ಣ ಸೇರಿದ್ದಾರಾ ಎಂದಷ್ಟೇ ಕೇಳಿ ಸೇರಿದ್ದರು. ಕಮಿಷನ್ ಪಡೆಯದೆಯೇ ನಾನು ಸಂಸ್ಥೆಯ ಏಜೆಂಟನಾಗಿದ್ದೆ. ಆದ್ದರಿಂದ ಹುಡುಗನೊಬ್ಬನನ್ನೇ ದೂರಲು ನನಗೆ ಬಾಯಿ ಬರುವುದಿಲ್ಲ. ಸಂಸ್ಥೆಯವರು ಊರಿನಲ್ಲಿಲ್ಲ, ಜನ ಬಂದು ನಿಲ್ಲುವುದು ಅವನ ತಾಯಿಯ ಜಗಲಿಯಲ್ಲಿ.

ಕಳೆದ ತಿಂಗಳು ಅವನೂ ನಾನೂ ಮೂರು ಸಂಜೆ ಕುಳಿತು 63 ಮಂದಿಯ ಲೆಕ್ಕವನ್ನು ಅವನ ಪುಸ್ತಕಕ್ಕೂ ಅವರವರ ಕಾರ್ಡಿಗೂ ಹೊಂದಿಸಿ ಪಟ್ಟಿ ಮಾಡಿದೆವು. ಬಂದ ಕಮಿಷನ್ನನ್ನು ಅವನು ಆ ಹೆಂಗಸಿನಿಂದ ಆರಂಭಿಸಿ ಹಿಂತಿರುಗಿಸುತ್ತಿದ್ದಾನೆ, ತಿಂಗಳಿಗೆ ಇಂತಿಷ್ಟು ಎಂದು. ಪಟ್ಟಿಯೊಂದಿಗೆ ಠಾಣೆಗೆ ಹೋದಾಗ ಅಲ್ಲಿ ಮೊದಲು ಕೇಳಿದ್ದು ಸಹಿಯಿರುವ ಕಾರ್ಡನ್ನೇ. ಹಲವರು ಆ್ಯಪ್ ಇದೆಯಲ್ಲ ಎಂದು ಅದನ್ನು ಎಸೆದಿದ್ದರು, ಮತ್ತು ಆ್ಯಪ್ ಆಗಲೇ ತೆರೆಯುತ್ತಿರಲಿಲ್ಲ.