ಗುಂಪೆಯ ನೆತ್ತಿ, ಅನಂತಪುರದ ಪಾರೆ, ಸ್ವರ್ಗದ ಓಣಿ: ಮೂರೂ ನಡೆದು ನೋಡಿದ ಮೇಲೆ

ಶಿವರಾತ್ರಿ ಕಳೆದು ಬಿಸುವಿನ (ಏಪ್ರಿಲ್ ನಡುವಿನ ಸೌರ ಯುಗಾದಿಯ) ಆಸುಪಾಸಿನ ತನಕ ನಮ್ಮ ಕಾಸರಗೋಡಿನಲ್ಲಿ ನಡೆಯುವುದಕ್ಕೆ ಒಳ್ಳೆಯ ಕಾಲ. ಬೆಳಗಿನ ಹೊತ್ತು ಮಾತ್ರ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಹತ್ತು ಗಂಟೆ ದಾಟಿದರೆ ಇಲ್ಲಿನ ಮುರಕಲ್ಲು, ಅಂದರೆ ಜಂಬಿಟ್ಟಿಗೆ, ಕಾದ ಕಾವಲಿಯೇ. ಮಂಗಳೂರಿನಲ್ಲಿರುವ ತಂಗಿ ಫೋನು ಮಾಡಿ, "ಅಣ್ಣ, ಮಕ್ಕಳನ್ನು ಕರ್ಕೊಂಡು ಬರ್ತೇನೆ, ಗುಡ್ಡೆ ಕಾಣುವ, ಗಾಡಿಗಳ ಗಲಾಟೆ ಇಲ್ಲದ ಒಂದು ದಾರಿ ಹೇಳು" ಅಂದಿದ್ದಳು. ಹೇಳುವ ಮೊದಲು ನಾನೇ ನಡೆದು ನೋಡಬೇಕೆಂದು ಮೀನ ತಿಂಗಳ (ಮಾರ್ಚ್-ಏಪ್ರಿಲ್) ಮೂರು ಆದಿತ್ಯವಾರ ಮೂರು ಕಡೆ ಹೋದೆ.

ಎಲ್ಲರೂ ಮೊದಲು ಹೇಳುವುದು ರಾಣಿಪುರ. ಅದು ಚಂದವೇ. ಆದರೆ ಅದು ಕಾಡಿನ ಚಾರಣ. ಅರಣ್ಯ ಇಲಾಖೆಯ ಟಿಕೆಟು, ಆನೆಯ ಭಯ, ಘಟ್ಟದ ಕಡೆಗೆ ಉದ್ದದ ಪ್ರಯಾಣ. ಊರ ಓಣಿಯಲ್ಲಿ ಕೈಬೀಸಿಕೊಂಡು ನಡೆಯುವ ಸುಖವೇ ಬೇರೆ. ಹಾಗಾಗಿ ಅದನ್ನು ಬಿಟ್ಟೆ.

ಮೊದಲ ವಾರ ಪೊಸಡಿ ಗುಂಪೆ. ಬಂದ್ಯೋಡಿನಿಂದ ಪೆರ್ಮುದೆ ದಾರಿಯಾಗಿ ಧರ್ಮತ್ತಡ್ಕ, ಅಲ್ಲಿಂದ ಮೇಲೆ. ಸಮುದ್ರಮಟ್ಟದಿಂದ 1,000 ಅಡಿಗೂ ಎತ್ತರದ ಬೋಳು ಗುಡ್ಡೆ, ಸುತ್ತ ಮರೆಯೆಂಬುದೇ ಇಲ್ಲ. ಪಡುವಣಕ್ಕೆ ಅರಬ್ಬೀ ಸಮುದ್ರ, ಉತ್ತರಕ್ಕೆ ಮಂಗಳೂರು, ದೂರದಲ್ಲಿ ಕುದುರೆಮುಖದ ಸಾಲು ಕಾಣುತ್ತದೆ ಎನ್ನುವುದೇ ಅದರ ಹೆಸರುವಾಸಿಗೆ ಕಾರಣ. ನಾನು ನವರಾತ್ರಿಯ ಸಮಯದಲ್ಲಿ ಅಲ್ಲಿ ನಿಂತು ಇದನ್ನೆಲ್ಲ ಕಣ್ಣಾರೆ ಕಂಡವನು. ಈ ಸಲ ಹಾಗಾಗಲಿಲ್ಲ. ಬೇಸಿಗೆಯ ಮಬ್ಬು ಸಮುದ್ರವನ್ನೂ ಆಕಾಶವನ್ನೂ ಒಂದು ಮಾಡಿಬಿಟ್ಟಿತ್ತು. ಕುದುರೆಮುಖ ಇಲ್ಲವೇ ಇಲ್ಲ, ಹತ್ತಿರದ ಗುಡ್ಡೆಗಳೂ ಬೂದಿ ಬಣ್ಣಕ್ಕೆ ತಿರುಗಿದ್ದವು. ಮುಳಿಹುಲ್ಲು ಒಣಗಿ, ಒಂದು ಪಕ್ಕದಲ್ಲಿ ಕಿಚ್ಚು ಬಿದ್ದು ಕರಿಯಾಗಿತ್ತು. ಇಳಿಯುವಾಗ ಉರುಟು ಮುರಕಲ್ಲಿನ ಹರಳಿಗೆ ಚಪ್ಪಲಿ ಜಾರಿ ಮಂಡಿ ತರಚಿತು. ಗಾಳಿ ಮಾತ್ರ ಧಾರಾಳ. ಒಂದೂವರೆ ಗಂಟೆ ಕುಳಿತರೂ ಬೇಸರ ಬರಲಿಲ್ಲ ಎನ್ನುವುದು ನಿಜ. ಆದರೆ ಕುಡಿಯಲಿಕ್ಕೆ ಒಂದು ತೊಟ್ಟು ನೀರಿಲ್ಲ, ಕೂರಲು ನೆರಳಿಲ್ಲ. ನೋಟಕ್ಕಾಗಿ ಹೋಗುವುದಾದರೆ ಮಳೆ ಬಿಟ್ಟ ಅಕ್ಟೋಬರ್, ನವೆಂಬರ್ ತಿಂಗಳಲ್ಲಿ ಹೋಗಿ.

ಎರಡನೆಯದು ಅನಂತಪುರ. ಕುಂಬಳೆಯಿಂದ ಬದಿಯಡ್ಕದ ಬಸ್ಸಿನಲ್ಲಿ ನಾಯ್ಕಾಪಿನಲ್ಲಿಳಿದು ನಡೆದರಾಯಿತು. ಮೂರರಲ್ಲಿ ಅತಿ ಸುಲಭದ ದಾರಿ, ಮಂಡಿನೋವಿನ ಅಮ್ಮನನ್ನೂ ಕರೆದೊಯ್ಯಬಹುದು. ಮುರಕಲ್ಲಿನ ಪಾರೆಯ (ಬಯಲು ಬಂಡೆಯ) ನಡುವೆ ತಗ್ಗಿನಲ್ಲಿ ಕೆರೆ, ಕೆರೆಯ ನಡುವೆ ಗುಡಿ. ಆ ಕೆರೆಯಲ್ಲಿದ್ದ ಬಬಿಯಾ ಎಂಬ ಮೊಸಳೆ 2022ರ ಅಕ್ಟೋಬರಿನಲ್ಲಿ ತೀರಿಕೊಂಡ ಮೇಲೂ ಬರುವವರ ಕಣ್ಣು ನೀರಿನ ಮೇಲೆಯೇ. ಪಾರೆಯ ಮೇಲೆ ನಿಂತರೆ ಆಕಾಶ ಬಹಳ ದೊಡ್ಡದಾಗಿ ಕಾಣುತ್ತದೆ, ಮೂಡಣದ ಗುಡ್ಡೆಗಳು ಕೆಳಗೆ ಒಂದು ಗೆರೆಯಷ್ಟೆ. ಸೋಣ ತಿಂಗಳಲ್ಲಿ (ಆಗಸ್ಟ್-ಸೆಪ್ಟೆಂಬರ್) ಇದೇ ಕಲ್ಲಿನ ಮೇಲೆ ನೀಲಿ ಹೂವಿನ ಹಾಸು ಇರುತ್ತದೆ. ಈಗ ಕರಿಕಲ್ಲು, ಬಿಸಿಲು. ದರ್ಶನಕ್ಕೆ ಹೋಗಿ. ನಡೆಯುವುದಕ್ಕೆಂದೇ ಹೋಗುವಷ್ಟು ಈ ಕಾಲದಲ್ಲಿ ಅಲ್ಲಿ ಏನಿಲ್ಲ.

ಮೂರನೆಯ ವಾರ ಪೆರ್ಲದಿಂದ ಪಾಣಾಜೆ ಕಡೆಯ ಬಸ್ಸು ಹತ್ತಿ ಸ್ವರ್ಗದಲ್ಲಿ ಇಳಿದೆ. ಊರಿನ ಹೆಸರೇ ಸ್ವರ್ಗ, ಎಣ್ಮಕಜೆ ಪಂಚಾಯತಿನ ಪಡ್ರೆ ಗ್ರಾಮ. ಮುಖ್ಯ ಮಾರ್ಗ ಬಿಟ್ಟು ವಾಣೀನಗರದ ಕಡೆಗೆ ತೋಟದ ನಡುವಿನ ಓಣಿ ಹಿಡಿದೆ. ಎರಡೂ ಬದಿಗೆ ಮುರಕಲ್ಲಿನ ಗೋಡೆ, ಅದರ ಮೇಲೆ ಕೇಪುಳದ ಕೆಂಪು ಗೊಂಚಲು. ಅಡಿಕೆ ತೋಟ ದಾಟಿ ಓಣಿ ಏರಿದಲ್ಲೆಲ್ಲ ಎದುರಿಗೆ ಗುಡ್ಡೆ ತೆರೆದುಕೊಳ್ಳುತ್ತದೆ, ಇಳಿದಾಗ ಮರೆಯಾಗುತ್ತದೆ, ಮುಂದಿನ ತಿರುವಿನಲ್ಲಿ ಇನ್ನೊಂದು. ಗಡಿಯಾಚೆ ಪುತ್ತೂರು ತಾಲೂಕಿನ ಗುಡ್ಡೆಗಳೂ ಅದೇ ಸಾಲಿನಲ್ಲಿ ಸೇರಿಕೊಂಡಿವೆ. ಗುಂಪೆಯಲ್ಲಿ ನನ್ನ ನೋಟ ಕೆಡಿಸಿದ ಮಬ್ಬು ಇಲ್ಲಿ ತೊಂದರೆ ಕೊಡಲಿಲ್ಲ. ಗುಡ್ಡೆಗಳು ಅಷ್ಟು ಹತ್ತಿರ, ಮರ ಮರವೂ ಎಣಿಸುವ ಹಾಗೆ. ಚಿಗುರಿದ ಮರಗಳ ತಾಮ್ರದ ಬಣ್ಣ, ನಡುವೆ ಅರಳಿದ ಕಕ್ಕೆಯ ಹಳದಿ. ಈ ಬಣ್ಣ ಅಕ್ಟೋಬರಿನಲ್ಲಿ ಸಿಗುವುದಿಲ್ಲ.

ಗುಡ್ಡೆ ಕಡಿದಾದ ಒಂದು ಬರೆಯ ಬುಡದಲ್ಲಿ ಸುರಂಗ ಸಿಕ್ಕಿತು. ಗುಡ್ಡೆಯ ಹೊಟ್ಟೆಗೆ ಅಡ್ಡಕ್ಕೆ ಕೊರೆದ, ಒಬ್ಬನೇ ನಡೆಯುವಷ್ಟು ಅಗಲದ ಗವಿ. ಪಂಪಿಲ್ಲ, ಕರೆಂಟಿಲ್ಲ. ಕಲ್ಲಿನಿಂದ ಒಸರುವ ನೀರು ಇಳಿಜಾರಿನಲ್ಲಿ ತಾನಾಗಿ ಹೊರಗೆ ಬಂದು, ಸೀಳಿದ ಅಡಿಕೆ ಮರದ ದಂಬೆಯಲ್ಲಿ ಹರಿದು ತೊಟ್ಟಿಗೆ ಬೀಳುತ್ತದೆ. ಬಾಯಿಯ ಮುಂದೆ ನಿಂತರೆ ತಣ್ಣನೆ ಗಾಳಿ ಮುಖಕ್ಕೆ. ಮೀನ ತಿಂಗಳಲ್ಲೂ ಹೆಬ್ಬೆರಳ ಗಾತ್ರದ ಧಾರೆ ಇತ್ತು. ನಾನು ಬಹಳ ಹೊತ್ತು ಅಲ್ಲಿಯೇ ನಿಂತೆ.

ಆಚೆಗೆ ಗೇರುಮರದಡಿ ಹಿರಿಯ ಹೆಂಗಸೊಬ್ಬರು ಕೊಕ್ಕೆಯಿಂದ ಕೊಂಬೆ ಅಲ್ಲಾಡಿಸಿ ಹಣ್ಣು ಉದುರಿಸುತ್ತಿದ್ದರು. ಎಡಗೈಯಲ್ಲಿ ಹಣ್ಣು, ಬಲಗೈಯಲ್ಲಿ ಬೀಜ, ಒಂದೇ ತಿರುವಿಗೆ ಬೀಜ ಬಕೆಟಿಗೆ. ಸೊನೆ ತಾಗಿ ಬೆರಳ ತುದಿಯೆಲ್ಲ ಕಪ್ಪು. "ಎಲ್ಲಿಗೆ ಹೊರಟದ್ದು ಈ ಬಿಸಿಲಿಗೆ? ಆಸರಿಗೆ ಕುಡಿದು ಹೋಗಿ" ಎಂದು ಮನೆಯಿಂದ ಬೆಲ್ಲ, ನೀರು ತರಿಸಿದರು. "ಬೇಡ ಅಕ್ಕ" ಅಂದರೆ ಕೇಳಲಿಲ್ಲ. ಗೇರುಹೂವಿನಲ್ಲಿ ಜೇನುನೊಣಗಳು ಗುಂಯ್‌ಗುಡುತ್ತಿದ್ದವು. "ನಡುವೆ ಇವು ಇರಲೇ ಇಲ್ಲ" ಎಂದರು ಅವರು.

ಯಾವ ನಡುವೆ ಎಂದು ನಾನು ಕೇಳಬೇಕಾಗಿರಲಿಲ್ಲ. ಈ ಗುಡ್ಡೆಗಳ ಗೇರುತೋಟಗಳ ಮೇಲೆ ಎರಡು ದಶಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದಿದ್ದರು. ಅದು ನಿಂತದ್ದು 2000ದಲ್ಲಿ, ಸುಪ್ರೀಂ ಕೋರ್ಟು ದೇಶಕ್ಕೇ ತಡೆ ಹಾಕಿದ್ದು 2011ರಲ್ಲಿ. ಆ ನೋವನ್ನು ಇಂದಿಗೂ ಮೈಯಲ್ಲಿ ಹೊತ್ತವರು ಇಲ್ಲಿನ ಮನೆಗಳಲ್ಲಿದ್ದಾರೆ. ಈ ದಾರಿ ಚಂದ ಎಂದು ಹೇಳುವಾಗ ಇದನ್ನು ಮರೆಮಾಚಿದರೆ ನನಗೆ ಸಮಾಧಾನವಿಲ್ಲ. ಹೋಗುವವರಲ್ಲಿ ಒಂದೇ ಬೇಡಿಕೆ: ಗುಡ್ಡೆಯ, ಹೂವಿನ ಫೋಟೋ ಎಷ್ಟು ಬೇಕಾದರೂ ತೆಗೆಯಿರಿ, ಮನೆಯಂಗಳದ್ದು, ಮಕ್ಕಳದ್ದು ಬೇಡ.

ಸ್ವರ್ಗದ ದಾರಿಗೆ ಕೊರತೆಗಳೂ ಇವೆ. ಬಸ್ಸು ಕಡಿಮೆ, ತಪ್ಪಿದರೆ ಬಹಳ ಹೊತ್ತು ಕಾಯಬೇಕು. ಓಣಿಗಳು ಕವಲೊಡೆಯುವಲ್ಲಿ ಬೋರ್ಡಿಲ್ಲ, ಫೋನಿನ ನಕ್ಷೆ ನನ್ನನ್ನು ಎರಡು ಸಲ ಯಾರದೋ ಹಟ್ಟಿಯ ಬಾಗಿಲಿಗೆ ಕೊಂಡೊಯ್ದಿತು. ದಾರಿ ಕೇಳಿದರೆ ಮಾತ್ರ ತೋರಿಸದವರಿಲ್ಲ, ತುಳುವಿನಲ್ಲೋ ಕನ್ನಡದಲ್ಲೋ. ಗುಂಪೆಯ ಹಾಗೆ ಒಮ್ಮೆಗೇ ಎದೆ ತುಂಬುವ ನೋಟ ಇಲ್ಲಿಲ್ಲ. ಅದೇ ಬೇಕೆನ್ನುವವರಿಗೆ ಈ ದಾರಿ ಸಪ್ಪೆ ಎನಿಸೀತು. ನನಗಂತೂ ಎರಡೂವರೆ ಗಂಟೆಯ ನಡಿಗೆಯಲ್ಲಿ ಅರ್ಧಕ್ಕಿಂತ ಹೆಚ್ಚು ನೆರಳೇ ಸಿಕ್ಕಿತು. ಗುಂಪೆಗೆ ಎರಡು ಲೀಟರು ನೀರು ಹೊತ್ತೂ ಸಾಲಲಿಲ್ಲ, ಇಲ್ಲಿ ಅರ್ಧ ಬಾಟ್ಲಿ ಉಳಿಯಿತು.

ತಂಗಿಗೆ ಸ್ವರ್ಗವನ್ನೇ ಹೇಳಿದೆ. ಏಳು ಗಂಟೆಯೊಳಗೆ ಪೆರ್ಲದಲ್ಲಿರಬೇಕು, ಮಕ್ಕಳಿಗೆ ಹಿಡಿತವಿರುವ ಶೂ ಬೇಕು, ಚೂರಿಮುಳ್ಳಿನ ಹಣ್ಣು ಕೊಯ್ಯಲು ಹೋಗಿ ಕೈ ಗೀರಿಕೊಳ್ಳಬಾರದು ಎಂದೂ ಹೇಳಿದ್ದೇನೆ. ಕರಂಡೆ ಕಾಯಿ ಎಳೆಯದಿದೆ, ಉಪ್ಪಿನಕಾಯಿಗೆ ಒಂದು ಚೀಲ ಇರಲಿ ಎಂದಳು ಅಮ್ಮ. ಅಲ್ಲಿನ ತೋಡಿಗೆ ನೀರು ನಿಲ್ಲಿಸಲು ಹಾಕಿದ ಕಟ್ಟದಲ್ಲಿ ಈಗ ಮೊಣಕಾಲು ಮುಳುಗುವಷ್ಟು ತಿಳಿನೀರಿದೆ. ಮಳೆಗೆ ಮೊದಲು ಅದನ್ನು ಬಿಚ್ಚುತ್ತಾರೆ, ಹಾಗಾಗಿ ಮಕ್ಕಳು ಬಿಸು ಕಳೆದ ಮೊದಲ ಆದಿತ್ಯವಾರವೇ ಬರುತ್ತಿದ್ದಾರೆ.